ಬೇವಿನ ಗಿಡದ ಕೆಳಗೆ

1987. ಕಲಬುರಗಿಗೆ ಬೋರ್ಡುಗಳ ಮೇಲೆ ಇನ್ನೂ ಗುಲ್ಬರ್ಗ ಅಂತಿದ್ದ ಕಾಲ. ನಾನು ಎಂಟನೇ ಕ್ಲಾಸ್. ಎಡಗಾಲಿಗೆ ಪೋಲಿಯೊ, ನಿಲ್ಲಲು ಆಸರೆಗೆ ತೊಡೆಯತನಕ ಕ್ಯಾಲಿಪರ್. ನಮ್ಮ ಬಿಸಿಲಿಗೆ ಅದರ ಕಬ್ಬಿಣ ಕಾದು ಚುರ್ ಅನ್ನುತ್ತಿತ್ತು.

ಡ್ರಿಲ್ ಪಿರಿಯಡ್ ಬಂದರೆ ಸರ್ ಹೇಳುತ್ತಿದ್ದದ್ದು ಒಂದೇ ಮಾತು. "ಪಾಪ, ನೀ ಇಲ್ಲೇ ಗಿಡದ ಕೆಳಗ ಕುಂದ್ರಪ್ಪ. ಇವರ ಚಪ್ಪಲಿ ನೋಡ್ಕೋ." ಮೂರು ವರ್ಷ ನೋಡಿಕೊಂಡೆ. ಯಾರ ಚಪ್ಪಲಿಯ ಉಂಗುಟ ಕಿತ್ತಿದೆ, ಯಾರದಕ್ಕೆ ಪಿನ್ನು ಚುಚ್ಚಿದೆ, ಎಲ್ಲ ಬಾಯಿಪಾಠ. ಸರ್ ಕೆಟ್ಟವರಲ್ಲ. ಹುಡುಗ ಬಿದ್ದಾನು ಅನ್ನುವ ಭಯ, ಅಷ್ಟೇ. ಓಣಿಯಲ್ಲಿ "ಕುಂಟ್ಯಾ" ಅಂದವರ ಜೊತೆ ಜಗಳಕ್ಕೆ ಬೀಳಬಹುದಿತ್ತು. "ಪಾಪ" ಅಂದವರ ಜೊತೆ ಏನಂತ ಜಗಳ ಆಡೋದು?

ಒಂದು ಶನಿವಾರ ಎಲ್ಲರೂ ಹೋದ ಮೇಲೆ ಹೈಜಂಪ್ ಹಗ್ಗವನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ ಹಾರಿದೆ. ಬಕಲ್ ಹಗ್ಗಕ್ಕೆ ಸಿಕ್ಕಿತು, ಬಾಯಿ ತುಂಬ ಮರಳು. ಮನೆಯಲ್ಲಿ ಹೇಳಲಿಲ್ಲ.

ಅದಕ್ಕೆ ಹದಿನೈದು ವರ್ಷ ಮೊದಲೇ, 1972ರಲ್ಲಿ, ನಮ್ಮ ದೇಶದ ಮುರಳೀಕಾಂತ್ ಪೇಟ್ಕರ್ ಪ್ಯಾರಾಲಿಂಪಿಕ್ಸ್ ಅಂದರೆ ಅಂಗವಿಕಲರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದಿದ್ದರು. ನಮಗ್ಯಾರೂ ಹೇಳಲಿಲ್ಲ. ಸರ್‌ಗೂ ಗೊತ್ತಿರಲಿಕ್ಕಿಲ್ಲ.

2012ರಲ್ಲಿ ಪೇಪರಿನಲ್ಲಿ ಓದಿದೆ: ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್‌ಗೆ ಲಂಡನ್ ಪ್ಯಾರಾಲಿಂಪಿಕ್ಸ್ ಹೈಜಂಪಿನಲ್ಲಿ ಬೆಳ್ಳಿ. ಆ ಸಲ ದೇಶಕ್ಕೆ ಸಿಕ್ಕ ಪದಕ ಅದೊಂದೇ. ಅವರದೂ ಎಡಗಾಲೇ. ಹಾರಿದ್ದು 1.74 ಮೀಟರ್. ಟೇಪು ಹಿಡಿದು ಬಾಗಿಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನನ್ನ ತಲೆಗಿಂತ ನಾಲ್ಕು ಬೆರಳು ಮೇಲೆ! ಹೆಂಡತಿ ಅದನ್ನು ದೀಪಾವಳಿತನಕ ಒರೆಸಲಿಲ್ಲ.

ಆಮೇಲೆ ಎಣಿಸುವುದೇ ಕಷ್ಟವಾಯಿತು. ಟೋಕಿಯೊದಲ್ಲಿ 19 ಪದಕ, 2024ರ ಪ್ಯಾರಿಸ್‌ನಲ್ಲಿ 29. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದು, 7 ಬಗೆಯ ವೈಕಲ್ಯದ ಪಟ್ಟಿ 21ಕ್ಕೆ ಏರಿತು. ಅಂಗವಿಕಲ ಹೋಗಿ ವಿಕಲಚೇತನ ಆದೆ, ಈಗ ವಿಶೇಷಚೇತನನಂತೆ. ಬಸ್ಸು ಮಾತ್ರ ಇವತ್ತಿಗೂ ಯಾರದಾದರೂ ಕೈ ಹಿಡಿದೇ ಹತ್ತಬೇಕು.

ಹೋದ ಚಳಿಗಾಲದಲ್ಲಿ ಶಾಲೆಗೆ ಹೋಗಿದ್ದೆ. ಬೇವಿನ ಗಿಡ ಹಾಗೇ ಇದೆ. ಹೊಸ ಡ್ರಿಲ್ ಸರ್ ಒಂದು ಕುರ್ಚಿಯನ್ನು ನಾಲ್ಕೂ ಕಡೆ ಗೂಟಕ್ಕೆ ಹಗ್ಗದಿಂದ ಬಿಗಿಯುತ್ತಿದ್ದರು. ಊರುಗೋಲು ಹಿಡಿದು ಬಂದ ಹುಡುಗಿ ನನ್ನ ಮುಂದೆ ಚಪ್ಪಲಿ ಬಿಟ್ಟಳು. "ಕಾಕಾ, ಸ್ವಲ್ಪ ನೋಡ್ಕೋರಿ." ಕುರ್ಚಿ ಮೇಲೆ ಕೂತು ಗುಂಡು ಎಸೆದಳು. ಗೆರೆ ಮುಟ್ಟಲಿಲ್ಲ.

"ಮೊಣಕೈ ಇಳಸಬ್ಯಾಡ ಅಂತ ಎಷ್ಟು ಸಲ ಹೇಳಬೇಕು ನಿನಗ? ಇನ್ನೊಮ್ಮೆ ಒಗಿ!" ಸರ್ ಗದರಿದರು.

ಹುಡುಗಿ ಮೂತಿ ತಿರುವಿ, ಮತ್ತೆ ಗುಂಡಿಗೆ ಕೈ ಚಾಚಿದಳು.