ಪುಸ್ತಕದಲ್ಲಿ ಮಳೆಯೇ ಇಲ್ಲ

ಅಕ್ಕನ ಮಗಳು ‘ಪ್ರೈಡ್ ಅಂಡ್ ಪ್ರೆಜುಡಿಸ್’ ಸಿನಿಮಾವನ್ನು ಎಷ್ಟು ಸಲ ನೋಡಿದ್ದಾಳೋ, ಅವಳಿಗೇ ಲೆಕ್ಕವಿಲ್ಲ. 2005ರದ್ದು, ಜೋ ರೈಟ್ ನಿರ್ದೇಶಿಸಿದ್ದು, ಕೀರಾ ನೈಟ್ಲಿ ಎಲಿಜಬೆತ್ ಆಗಿರೋದು. ನಾನು ಜೇನ್ ಆಸ್ಟೆನ್ ಬರೆದ ಪುಸ್ತಕದ ಪಾರ್ಟಿ. ನಾವಿಬ್ಬರೂ ಶುರು ಹಚ್ಚಿಕೊಂಡರೆ ಅಕ್ಕ ಎದ್ದು ಹೋಗುತ್ತಾಳೆ. “1813ರಲ್ಲಿ ಬಂದ ಪುಸ್ತಕದ ಮದುವೆ ಮಾತುಕತೆಗೆ ನಿಮ್ಮದೇನ್ರೇ ಜಗಳ?” ಅನ್ನೋದು ಅವಳ ಖಾಯಂ ಡೈಲಾಗು.

ಈಚೆಗೆ ಹುಡುಗಿ ಕೊನೆಗೂ ಕಾದಂಬರಿ ಹಿಡಿದಿದ್ದಾಳೆ. ಶ್ರೀಮಂತ ಡಾರ್ಸಿ ನಾಯಕಿ ಎಲಿಜಬೆತ್‌ಳನ್ನು ಮೊದಲ ಸಲ ಮದುವೆಗೆ ಕೇಳಿ ಬೈಸಿಕೊಳ್ಳುವ 34ನೇ ಅಧ್ಯಾಯ ಮುಗಿಸಿದ್ದೇ ಫೋನು. “ಚಿಕ್ಕಮ್ಮಾ, ಮಳೆನೇ ಇಲ್ವಲ್ಲ!”

ಪಾಪ, ಅವಳ ಕೋಪ ನನಗೆ ಅರ್ಥವಾಗುತ್ತದೆ. ಸಿನಿಮಾದಲ್ಲಿ ಸುರಿಯೋ ಮಳೆ, ಕಲ್ಲುಕಂಬದ ಮಂಟಪ, ಇಬ್ಬರೂ ತೊಯ್ದು ತೊಪ್ಪೆ, ಬೈದಾಡುತ್ತಲೇ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ. ಪುಸ್ತಕದಲ್ಲಿ? ಪಾದ್ರಿ ಮನೆಯ ಒಂದು ಕೋಣೆ. ಡಾರ್ಸಿ ಬರುತ್ತಾನೆ, ಕೂರುತ್ತಾನೆ, ಏಳುತ್ತಾನೆ, ಅತ್ತಿಂದಿತ್ತ ನಡೆಯುತ್ತಾನೆ. ಬಾಯಿಬಿಟ್ಟು ಎರಡು-ಮೂರು ವಾಕ್ಯ ಹೇಳುವಷ್ಟರಲ್ಲಿ ಜೇನ್ ಆಸ್ಟೆನ್ ಮಧ್ಯೆ ಬಂದು ಉಳಿದದ್ದನ್ನು ತಾನೇ ವರದಿ ಒಪ್ಪಿಸುತ್ತಾಳೆ. ಪ್ರೀತಿಯ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದನೋ ತನ್ನ ದೊಡ್ಡಸ್ತಿಕೆಯ ಬಗ್ಗೆಯೂ ಅಷ್ಟೇ ಚೆನ್ನಾಗಿ ಮಾತಾಡಿದ, ಅಂತ. ಆ ಕೊಂಕಿಗೇ ನಾನು ಮರುಳಾದದ್ದು. ಹುಡುಗಿ ಮಾತ್ರ “ಮೋಸ” ಅಂದಳು. (58ನೇ ಅಧ್ಯಾಯದಲ್ಲಿ ಎಲಿಜಬೆತ್ ಒಪ್ಪಿಕೊಳ್ಳುವ ಮಾತನ್ನೂ ಪುಣ್ಯಾತ್ಗಿತ್ತಿ ಹೀಗೇ ನುಂಗಿಹಾಕಿದ್ದಾಳೆ. ಅದನ್ನು ನಾನಿನ್ನೂ ಹೇಳಿಲ್ಲ.)

ಒಂದು ವಿಷಯಕ್ಕೆ ಮಾತ್ರ ನಾನು ಸೋತಿದ್ದೇನೆ: ಸಿನಿಮಾದ ಆ ಕೈ. ಗೆಳೆಯನ ಬಂಗಲೆಯಾದ ನೆದರ್‌ಫೀಲ್ಡಿನಿಂದ ಹೊರಡುವಾಗ ಡಾರ್ಸಿ ಎಲಿಜಬೆತ್‌ಳನ್ನು ಕೈಹಿಡಿದು ಗಾಡಿ ಹತ್ತಿಸಿ, ಒಂದು ಮಾತೂ ಆಡದೆ ತಿರುಗಿ ನಡೆಯುತ್ತಾನೆ. ಕ್ಯಾಮೆರಾ ಅವನ ಕೈಗೇ ಹೋಗುತ್ತದೆ. ಬೆರಳುಗಳು ಬಿಸಿ ಮುಟ್ಟಿದ ಹಾಗೆ ಅಗಲವಾಗಿ ಚಾಚಿಕೊಳ್ಳುತ್ತವೆ. ಅಷ್ಟೇ. ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ, ಆದರೂ ಪುಸ್ತಕದ ಡಾರ್ಸಿಯೇ ಅವನು. 1995ರ ಬಿಬಿಸಿ ಧಾರಾವಾಹಿಯಲ್ಲಿ ಕಾಲಿನ್ ಫರ್ತ್ ಕೊಳಕ್ಕೆ ಹಾರಿ ಒದ್ದೆ ಅಂಗಿಯಲ್ಲಿ ಬರುವುದೂ ಪುಸ್ತಕದಲ್ಲಿಲ್ಲ. ಅದಕ್ಕೆ ನಾನು ಇಷ್ಟು ಕರಗಲಿಲ್ಲ.

ಆದರೆ ಕಾಗದದ ವಿಷಯಕ್ಕೆ ಬಂದರೆ ನಾನು ಬಗ್ಗೋಳಲ್ಲ. ಎಲಿಜಬೆತ್ ಒಲ್ಲೆ ಅಂದಮೇಲೆ ಅವಳ ಆರೋಪಗಳಿಗೆ ಉತ್ತರವಾಗಿ ಡಾರ್ಸಿ ಬರೆದ ಪತ್ರ ಸಿನಿಮಾದಲ್ಲಿ ಅವನ ದನಿಯಲ್ಲಿ ಕೇಳಿಸಿ ಮುಗಿದುಹೋಗುತ್ತದೆ. ಎರಡು ಗಂಟೆ ಚಿಲ್ಲರೆಯಲ್ಲಿ ಇಡೀ ಕಥೆ ಹೇಳಬೇಕಾದವರು ಇನ್ನೇನು ಮಾಡಿಯಾರು, ಅದೂ ಸರಿ. ಕಾದಂಬರಿಯಲ್ಲಿ ಪತ್ರಕ್ಕೇ ಒಂದು ಅಧ್ಯಾಯ, ಅದನ್ನು ಓದುವುದಕ್ಕೆ ಇನ್ನೊಂದು. ಮೊದಲ ಸಲ ಓದುವಾಗ ಎಲಿಜಬೆತ್‌ಗೆ ಬರೀ ಸಿಟ್ಟು. ಎಲ್ಲಾ ಸುಳ್ಳು, ಇನ್ನೊಮ್ಮೆ ಇದನ್ನು ಕಣ್ಣೆತ್ತಿಯೂ ನೋಡಲ್ಲ ಅಂತ ಎತ್ತಿಟ್ಟುಬಿಡುತ್ತಾಳೆ. ಅರ್ಧ ನಿಮಿಷಕ್ಕೆ ಮತ್ತೆ ಬಿಚ್ಚುತ್ತಾಳೆ! ಈ ಸಲ ಒಂದೊಂದೇ ವಾಕ್ಯ. ಡಾರ್ಸಿಯ ಮೇಲೆ ಚಾಡಿ ಹೇಳಿದ್ದ ವಿಕಮ್ ಅಂದದ್ದೇನು, ಯಾವಾಗ ಹೇಳಿದ, ಮೊದಲ ಮಾತುಕತೆಯಲ್ಲೇ ಅಪರಿಚಿತಳ ಮುಂದೆ ಅಷ್ಟೆಲ್ಲ ಯಾಕೆ ತೋಡಿಕೊಂಡ? ಎರಡು ಗಂಟೆ ದಾರಿಯಲ್ಲಿ ಅಲೆಯುತ್ತಾಳೆ. ಪ್ರೀತಿ ಆಮೇಲಿನ ಮಾತು. ಮೊದಲು ತನ್ನ ಜಾಣತನದ ಮೇಲೇ ನಾಚಿಕೆ. ಮೆಸೇಜು ಡಿಲೀಟ್ ಮಾಡಿ, ಮತ್ತೆ ಹುಡುಕಿ ತೆಗೆದು ಓದಿದವಳು ನಾನು. ನನಗೆ ಆ ಅರ್ಧ ನಿಮಿಷ ಗೊತ್ತು.

ಇದನ್ನೆಲ್ಲ ಹೇಳಿದರೆ ಹುಡುಗಿ ಕೇಳಿಸಿಕೊಳ್ಳಲಿಲ್ಲ. “ನೀನು ಬಿಡು ಚಿಕ್ಕಮ್ಮ, ನಿಂಗೆ ಮಳೆ ಅಂದ್ರೇ ಆಗಲ್ಲ” ಅಂದು ಫೋನಿಟ್ಟಳು.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೆಸೇಜು ಬಂತು: “ಕಾಗದ ಎತ್ತಿಟ್ಟಳು. ಸರಿಯಾಗೇ ಮಾಡಿದಳು.”

ನಾನು ಉತ್ತರ ಬರೆಯದೆ ಫೋನ್ ಹಿಡಿದು ಕೂತೆ.

“ಅಯ್ಯೋ, ಮತ್ತೆ ಬಿಚ್ಚಿದಳು.”