ಈಗ ಹಿಂಬದಿಯ ಸರದಿ

ಯಾವ ಗ್ರಾಮಫೋನ್ ರೆಕಾರ್ಡ್ ಕೈಗೆ ಬಂದರೂ ಮೊದಲು ಹಿಂಬದಿ ಕೇಳೋದು ಅನ್ನೋ ನಿಯಮ ಇನ್ನೂ ನಡೆಯುತ್ತಿದೆ. ಹೆಸರಾದ ಹಾಡು ಹೇಗೂ ಮುಂಬದಿಯಲ್ಲೇ ಇರುತ್ತದೆ, ಕೇಳಿ ಕೇಳಿ ಬಾಯಿಪಾಠವೂ ಆಗಿರುತ್ತದೆ. ನಿಮಿಷಕ್ಕೆ 45 ಸುತ್ತು ತಿರುಗುವ, ಬದಿಗೊಂದರಂತೆ ಎರಡೇ ಹಾಡಿರುವ ಚಿಕ್ಕ ರೆಕಾರ್ಡ್‌ಗಳಲ್ಲಿ ಈ ಆಟ ಜಾಸ್ತಿ ಮಜಾ ಕೊಡುತ್ತಿದೆ. ಹಿಂದುಗಡೆ ಏನೋ ಒಂದು ಇರಲಿ ಅಂತ ಸೇರಿಸಿದ ಹಾಡಲ್ವಾ, ಹಿಟ್ ಆಗಲೇಬೇಕೆಂಬ ಒತ್ತಡವಿಲ್ಲ. ನಿನ್ನೆ ಕೇಳಿದ ಒಂದರಲ್ಲಿ ಎರಡನೇ ಚರಣಕ್ಕೆ ಡ್ರಮ್ ಪೂರ್ತಿ ನಿಂತುಬಿಡುತ್ತದೆ, ಬೇಸ್ ಗಿಟಾರ್ ಒಂದರ ಮೇಲೇ ದನಿ ಸಾಗುತ್ತದೆ, ಗಾಯಕಿ ಉಸಿರು ಎಳೆದುಕೊಳ್ಳೋದೂ ಕೇಳಿಸುತ್ತದೆ. ಆ ನಾಲ್ಕು ಸಾಲಿಗಾಗಿ ಪ್ಲೇಯರ್‌ನ ಮುಳ್ಳನ್ನು ಎತ್ತಿ ಎತ್ತಿ ಇಟ್ಟೆ.

ಬದಿಗೆ ಹಲವು ಹಾಡು ಹಿಡಿಸುವ ದೊಡ್ಡ ರೆಕಾರ್ಡ್‌ಗಳಲ್ಲಿ, ಅಂದರೆ ಎಲ್‌ಪಿಗಳಲ್ಲಿ, ಈಗ ಪ್ರತಿ ಬದಿಯ ಕೊನೆಯ ಹಾಡಿನ ಮೇಲೆ ಕಣ್ಣು. ಎಷ್ಟೋ ಸಲ ಅದು ಮೆಲ್ಲಗಿನ ಹಾಡೇ ಆಗಿರುತ್ತದೆ. ರುಚಿಯ ಜೊತೆ ಇದಕ್ಕೆ ಲೆಕ್ಕಾಚಾರವೂ ಇದೆ. ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋದರೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಹೊತ್ತಿನ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು, ಹಾಗಾಗಿ ಜೋರು ದನಿ ಒಡೆಯುತ್ತದೆ, 'ಸ' ಬಂದಲ್ಲೆಲ್ಲ ಚರ್ರ್ ಅನ್ನುತ್ತದೆ. ಅದಕ್ಕೇ ಅಬ್ಬರದ ಹಾಡನ್ನು ಅಂಚಿಗೆ, ಮೆಲುದನಿಯದನ್ನು ಒಳಗೆ ಹಾಕುವ ರೂಢಿ ಬಂತು. ಸ್ಟ್ರೀಮಿಂಗ್‌ನಲ್ಲಿ ಅದೇ ಆಲ್ಬಮ್ ಕೇಳುವವರಿಗೆ ಮಧ್ಯದಲ್ಲಿ ಇದ್ದಕ್ಕಿದ್ದಂತೆ ಹಾಡು ತಣ್ಣಗಾಗಿದ್ದು ಯಾಕೆ ಅಂತ ಹೊಳೆಯೋದೇ ಇಲ್ಲ.

ನನ್ನ ನಿಯಮ ಸೋತಿದ್ದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ 1902ರ ರೆಕಾರ್ಡ್ ಮುಂದೆ. ಆ ಕಾಲದ ಪ್ಲೇಟುಗಳಿಗೆ ಒಂದೇ ಬದಿ, ಹಿಂದುಗಡೆ ಖಾಲಿ! ನಾನು ಕೇಳಿದ್ದು ಡಿಜಿಟಲ್ ಪ್ರತಿ. ಮೂರು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಸಬೇಕಾದ್ದರಿಂದ ಆಲಾಪಕ್ಕೆ ಪುರುಸೊತ್ತಿಲ್ಲ, ತಾನಗಳು ಒಂದರ ಹಿಂದೆ ಒಂದು ನುಗ್ಗುತ್ತವೆ, ಕೊನೆಗೆ ಆಕೆಯೇ ಇಂಗ್ಲಿಷಿನಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಕೂಗಿ ಹೇಳುತ್ತಾರೆ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯವರಿಗೆ ಹಾಡಿದ್ದು ಯಾರು ಅಂತ ಗೊತ್ತಾಗಬೇಕಿತ್ತಲ್ಲ. ಹಾಡಿಗಿಂತ ಆ ಠೀವಿಯೇ ನನಗೆ ಜಾಸ್ತಿ ಹಿಡಿಸಿತು.

ಇನ್ನು ನನ್ನ ಬಳಿ ಇರುವ 78ರ, ಅಂದರೆ ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳನ್ನು ಶುರು ಮಾಡಬೇಕು. ಅವುಗಳ ಗೆರೆ ಅಗಲ, ಎಲ್‌ಪಿಯ ಸಣ್ಣ ಮುಳ್ಳು ತಳಕ್ಕೆ ಇಳಿದು ಬರೀ ಕೊರಕೊರ ಅನ್ನುತ್ತದೆ, ಹಾಗಾಗಿ ಬೇರೆ ಮುಳ್ಳು ತರಿಸಿದ್ದೇನೆ. ಧೂಳು ಒರೆಸಲು ಆಲ್ಕೋಹಾಲ್ ಇರುವ ದ್ರಾವಣ ಮಾತ್ರ ಮುಟ್ಟಿಸೋದಿಲ್ಲ, ಅವು ಅರಗಿನವು, ಕರಗಿ ಹೋಗುತ್ತವೆ. ಸ್ಪೀಡೂ ಒಂದು ತಲೆನೋವೇ. ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ 78ಕ್ಕೇ ರೆಕಾರ್ಡ್ ಆದವಲ್ಲ, ಹಾರ್ಮೋನಿಯಂ ಶ್ರುತಿಗೆ ಹೋಲಿಸಿ ಹೆಚ್ಚುಕಡಿಮೆ ಮಾಡಿ ನೋಡಬೇಕು.