ಗೆರೆ ಎಳೆಯುವವರು ಯಾರು?

1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಮೂರು ಪಾಲಾಯಿತು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಆಗ ನಾನು ಈ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ವಸತಿನಿಲಯದಲ್ಲಿ ಗದಗಿನ ಹುಡುಗರು ಪೇಢೆ ಹಂಚಿದರು. ಸವಣೂರಿನ ಕಡೆಯಿಂದ ಬಂದಿದ್ದ ನನಗೂ ಖುಷಿಯೇ. ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಅಪ್ಪ ಇನ್ನು ಧಾರವಾಡದವರೆಗೆ ಬರಬೇಕಾಗಿರಲಿಲ್ಲ, ಹಾವೇರಿಗೆ ಹೋದರೆ ಸಾಕಿತ್ತು. ಆ ವಾರ ತುಲನಾತ್ಮಕ ರಾಜಕೀಯದ ತರಗತಿಗೆ ಬಂದ ನಮ್ಮ ಗುರುಗಳು ಹಲಗೆಯ ಮೇಲೆ ಒಂದು ಗೆರೆ ಎಳೆದು, "ಈ ಗೆರೆ ಎಳೆಯುವಾಗ ನಿಮ್ಮೂರಿನವರನ್ನು ಯಾರಾದರೂ ಕೇಳಿದರೇನಪ್ಪಾ?" ಎಂದರು.

ಕೇಳಿರಲಿಲ್ಲ. ಬೇಡಿಕೆ ಹಳೆಯದಿತ್ತು, ಹೋರಾಟವೂ ನಡೆದಿತ್ತು, ಆದರೆ ಊರೂರಿನಲ್ಲಿ ಯಾರೂ ಮತ ಹಾಕಿಸಿ ನೋಡಿರಲಿಲ್ಲ. ಹಾಕಿಸಬೇಕೆಂಬ ನಿಯಮವೂ ಇಲ್ಲ. 1964ರ ಭೂಕಂದಾಯ ಕಾಯ್ದೆಯಂತೆ ಜಿಲ್ಲೆಯ ಗಡಿ ಬದಲಿಸಲು ರಾಜ್ಯ ಸರ್ಕಾರದ ಅಧಿಸೂಚನೆ ಸಾಕು. ಹಾಗಾದರೆ ರಾಜ್ಯದ ಗಡಿ? ಅದು ಸಂಸತ್ತಿನ ಕೈಯಲ್ಲಿದೆ. ಸಂವಿಧಾನದ 3ನೆಯ ವಿಧಿಯ ಪ್ರಕಾರ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಆದರೆ ಅದನ್ನು ಪಾಲಿಸಲೇಬೇಕೆಂದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದು ರಾಜ್ಯವನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸಕಾಂಗ ಒಪ್ಪಲೇಬೇಕು. ಎರಡನ್ನೂ ಒಕ್ಕೂಟ ವ್ಯವಸ್ಥೆ ಎಂದೇ ಓದಿದ್ದ ನಮಗೆ, ಎರಡರ ಒಳಗಿನ ಬಲಾಬಲ ಎಷ್ಟು ಬೇರೆ ಎಂಬುದು ಆ ಒಂದು ಗಂಟೆಯಲ್ಲಿ ತಿಳಿಯಿತು.

ಅಲ್ಲಿಯವರೆಗೆ ಆ ವಿಷಯವೆಂದರೆ ನಮಗೆ ಗೈಡ್ ಪುಸ್ತಕದ ಕೋಷ್ಟಕ. ಎಡಗಡೆ ಬ್ರಿಟನ್, ಬಲಗಡೆ ಅಮೆರಿಕ, ನಡುವೆ ಹತ್ತು ವ್ಯತ್ಯಾಸಗಳು. ಗುರುಗಳಿಗೆ ಆ ಕೋಷ್ಟಕ ಕಂಡರೆ ಆಗುತ್ತಿರಲಿಲ್ಲ. ಎರಡು ದೇಶಗಳ ವಿವರಗಳನ್ನು ಅಕ್ಕಪಕ್ಕ ಬರೆದರೆ ಹೋಲಿಕೆಯಾಗುವುದಿಲ್ಲ, ಒಂದೇ ಪ್ರಶ್ನೆಯನ್ನು ಎರಡೂ ಕಡೆ ಕೇಳಬೇಕು ಎನ್ನುತ್ತಿದ್ದರು. ಇಷ್ಟು ವರ್ಷಗಳ ನಂತರವೂ ನಾನು ಅವರಿಂದ ಕಲಿತದ್ದೇನೆಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಆ ವರ್ಷ ದೀಪಾವಳಿ ರಜೆಗೆ ಹೊರಟಾಗ ಅವರು ಒಂದು ಕೆಲಸ ಹಚ್ಚಿದರು. ಮನೆಯ ಹಿರಿಯರನ್ನು ಕೇಳಿ ಬನ್ನಿ: ನಿಮ್ಮ ಕಾಲದಲ್ಲಿ ಯಾರ ಅಪ್ಪಣೆ ನಡೆಯುತ್ತಿತ್ತು, ನೀವು ಅದಕ್ಕೆ ಏಕೆ ತಲೆಬಾಗಿದಿರಿ? ನಮ್ಮ ಭಾಗದಲ್ಲಿ ಇದು ಬಹಳ ಫಲ ಕೊಡುವ ಪ್ರಶ್ನೆ. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಕುಂದಗೋಳ ಜಮಖಂಡಿಯ ಪಟವರ್ಧನರಿಗೆ ಸೇರಿದ್ದು. ಹುಬ್ಬಳ್ಳಿ, ಹಾವೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು. ಒಂದೇ ರೈಲು ಹಳಿಯ ಆಜುಬಾಜಿನಲ್ಲಿ ಮೂರು ಬಗೆಯ ಒಡೆತನ.

ನಮ್ಮ ಅಜ್ಜ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಲೇ ಉತ್ತರ ಹೇಳಿದರು: "ನವಾಬರ ಮಾತನ್ನು ನಮ್ಮ ಹಿರಿಯರು ಕೇಳುತ್ತಿದ್ದರು, ಅದಕ್ಕೆ ನಾವೂ ಕೇಳಿದೆವು. ಮಾಮಲೇದಾರನ ಮಾತನ್ನು, ಅವನ ಕೈಯಲ್ಲಿ ಕಾಗದವಿತ್ತು ಎಂದು ಕೇಳಿದೆವು." ನಾನು ಇದನ್ನು ಹಾಗೆಯೇ ಬರೆದು ಒಪ್ಪಿಸಿದೆ. ಗುರುಗಳು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಪಾಠವನ್ನು ಅಲ್ಲಿಂದಲೇ ಆರಂಭಿಸಿದರು. ಸಂಪ್ರದಾಯದಿಂದ ಬರುವ ಅಧಿಕಾರ, ಕಾನೂನಿನಿಂದ ಬರುವ ಅಧಿಕಾರ, ವ್ಯಕ್ತಿಯ ವರ್ಚಸ್ಸಿನಿಂದ ಬರುವ ಅಧಿಕಾರ. ಮೊದಲ ಎರಡನ್ನು ಅಜ್ಜ ತಮ್ಮ ಬದುಕಿನಲ್ಲೇ ಕಂಡಿದ್ದರು. ಒಂದು ನಿರ್ದಿಷ್ಟ ನೆಲದ ಮೇಲೆ ನ್ಯಾಯಸಮ್ಮತ ಬಲಪ್ರಯೋಗದ ಹಕ್ಕು ತನ್ನೊಬ್ಬನದೇ ಎಂದು ಸಾಧಿಸಿಕೊಂಡದ್ದೇ ಪ್ರಭುತ್ವ ಎಂದು ವೆಬರ್ 1919ರಲ್ಲಿ ಮ್ಯೂನಿಕ್‌ನ ಉಪನ್ಯಾಸದಲ್ಲಿ ಹೇಳಿದ್ದು. ಬಲದಷ್ಟೇ ತೂಕ ಅದರಲ್ಲಿ 'ನ್ಯಾಯಸಮ್ಮತ'ಕ್ಕೂ ಇದೆ ಎಂಬುದನ್ನು ಗುರುಗಳು ಮತ್ತೆ ಮತ್ತೆ ಒತ್ತಿ ಹೇಳುತ್ತಿದ್ದರು.

ಕುಂದಗೋಳದ ಗೆಳೆಯ, ಹುಬ್ಬಳ್ಳಿಯ ಗೆಳತಿ ತಂದ ಉತ್ತರಗಳನ್ನೂ ಹಲಗೆಗೆ ಏರಿಸಿದರು. ಭಾಷೆ ಒಂದೇ, ಎರೆಮಣ್ಣು ಒಂದೇ, ಜೋಳದ ರೊಟ್ಟಿಯೂ ಒಂದೇ. ಬೇರೆಯಾಗಿದ್ದದ್ದು ಆಳುವವರು ಮಾತ್ರ. ಹೀಗೆ ಉಳಿದೆಲ್ಲವೂ ಸಮನಾಗಿದ್ದು ಒಂದೇ ಒಂದು ಬೇರೆಯಾಗಿರುವ ಕಡೆ ಕಾರಣ ಹುಡುಕಲು ಸುಲಭ ಎಂಬುದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1843ರಲ್ಲಿ ವಿವರಿಸಿದ ವ್ಯತ್ಯಾಸದ ವಿಧಾನ. ಪುಸ್ತಕದಲ್ಲಿ ಓದಿದ್ದರೆ ನಾನು ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆಯುತ್ತಿದ್ದೆ.

ಸರ್ಕಾರ ಬೇರೆ, ಪ್ರಭುತ್ವ ಬೇರೆ ಎಂಬ ಪಾಠಕ್ಕೆ ದೆಹಲಿಯೇ ಉದಾಹರಣೆ ಒದಗಿಸುತ್ತಿತ್ತು. ನಾವು ಓದುತ್ತಿದ್ದ ಮೂರು ವರ್ಷಗಳಲ್ಲಿ ದೇವೇಗೌಡರು, ಗುಜ್ರಾಲ್, ವಾಜಪೇಯಿ ಪ್ರಧಾನಿಗಳಾದರು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿತ್ತು. ಆದರೂ ಅಂಚೆ ಬಂತು, ಕೋರ್ಟು ನಡೆಯಿತು, ತಲಾಠಿ ಉತಾರ ಕೊಟ್ಟರು. ಅದೇ ಸೊಮಾಲಿಯಾದಲ್ಲಿ 1991ರಲ್ಲಿ ಸಿಯಾದ್ ಬರ್ರೆ ಓಡಿಹೋದಾಗ ಅಧ್ಯಕ್ಷರೊಬ್ಬರ ಜೊತೆಗೆ ಪ್ರಭುತ್ವವೇ ಕುಸಿಯಿತು. ಜರ್ಮನಿಯಲ್ಲಾದರೆ ಆ ಒಂದು ಮತ ಸಾಲುತ್ತಿರಲಿಲ್ಲ. ಅಲ್ಲಿನ ಮೂಲ ಕಾನೂನಿನ, ಅಂದರೆ ಸಂವಿಧಾನದ, 67ನೆಯ ವಿಧಿಯಂತೆ ಸಂಸತ್ತು ಹೊಸ ಚಾನ್ಸಲರ್‌ನನ್ನು, ಅಂದರೆ ಸರ್ಕಾರದ ಮುಖ್ಯಸ್ಥನನ್ನು, ಬಹುಮತದಿಂದ ಆರಿಸಿದರೆ ಮಾತ್ರ ಹಳೆಯವನನ್ನು ಇಳಿಸಬಹುದು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹಾಗೆ. ಕೆಡವಲು ಒಂದಾಗುವವರು ಕಟ್ಟಲು ಒಂದಾಗುವುದಿಲ್ಲ ಎಂಬ ವೈಮಾರ್ ಕಾಲದ, ಅಂದರೆ ಹಿಟ್ಲರ್‌ಗಿಂತ ಮುಂಚಿನ ಜರ್ಮನ್ ಗಣರಾಜ್ಯದ, ಕಹಿ ಅನುಭವ ಆ ವಿಧಿಯ ಹಿಂದಿದೆ. ನಮ್ಮಲ್ಲೂ ಅದು ಬೇಕು ಎಂದು ನಾನು ವಾದಿಸಿದ್ದೆ, ಇಂದಿಗೂ ವಾದಿಸುತ್ತೇನೆ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಸ್ವಿಟ್ಜರ್ಲೆಂಡ್. ಅಲ್ಲಿ ರಾಜ್ಯಕ್ಕೆ ಕ್ಯಾಂಟನ್ ಎನ್ನುತ್ತಾರೆ. ಜರ್ಮನ್ ಭಾಷಿಕರು ಹೆಚ್ಚಿರುವ ಬರ್ನ್ ಕ್ಯಾಂಟನ್‌ನಿಂದ ಫ್ರೆಂಚ್ ಮಾತಾಡುವ ಜುರಾ ಪ್ರದೇಶ ಬೇರೆಯಾದ ಕಥೆ. 1974ರಲ್ಲಿ ಆ ಪ್ರದೇಶದವರೇ ಮತ ಹಾಕಿದರು. ದಕ್ಷಿಣದ ಜಿಲ್ಲೆಗಳು ಮರುವರ್ಷ ಮತ್ತೆ ಮತ ಹಾಕಿ ಬರ್ನ್‌ನಲ್ಲೇ ಉಳಿದವು. ಆಮೇಲೆ ಗಡಿಯ ಊರುಗಳು ಒಂದೊಂದಾಗಿ ತಮ್ಮ ನಿರ್ಧಾರ ಹೇಳಿದವು. 1978ರಲ್ಲಿ ಇಡೀ ದೇಶ ಮತ ಹಾಕಿ ಒಪ್ಪಿತು. 1979ರ ಜನವರಿ 1ರಂದು ಜುರಾ ಕ್ಯಾಂಟನ್ ಹುಟ್ಟಿತು. ಭಾಷೆಯೇ ಕಾರಣವಾಗಿದ್ದರೆ ಫ್ರೆಂಚ್ ಮಾತಾಡುವ ದಕ್ಷಿಣದವರು ಏಕೆ ಉಳಿದರು? ಉತ್ತರದವರು ಬಹುಪಾಲು ಕ್ಯಾಥೊಲಿಕರು, ದಕ್ಷಿಣದವರು ಬರ್ನ್‌ನವರಂತೆ ಬಹುಪಾಲು ಪ್ರಾಟೆಸ್ಟೆಂಟರು. ಮಿಲ್‌ನ ವಿಧಾನ ಇಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿ. 1956ರ ಏಕೀಕರಣವನ್ನು ಭಾಷೆಯ ಗೆಲುವೆಂದು ಕೇಳುತ್ತಲೇ ಬೆಳೆದ ನಮಗೆ, ಭಾಷೆಯೊಂದೇ ಸಾಲದ ಜಾಗವೂ ಇದೆಯೆಂದು ಅಂದೇ ಗೊತ್ತಾದದ್ದು.

2014ರಲ್ಲಿ ಆಂಧ್ರಪ್ರದೇಶದ ವಿಧಾನಸಭೆ ತಿರಸ್ಕರಿಸಿದ ಮೇಲೂ ಸಂಸತ್ತು ತೆಲಂಗಾಣವನ್ನು ರಚಿಸಿದಾಗ, 3ನೆಯ ವಿಧಿಯ ಆ ಪಾಠ ಕಣ್ಣೆದುರೇ ನಡೆದಂತಾಯಿತು. ನಿವೃತ್ತರಾಗಿದ್ದ ಗುರುಗಳಿಗೆ ಆಗಲೂ ಫೋನ್ ಮಾಡಿದ್ದೆ. ಈಚೆಗೆ ಮತ್ತೆ ಮಾಡಿದೆ. ಬರ್ನ್‌ನಲ್ಲೇ ಉಳಿದಿದ್ದ ಮೂತಿಯೆ ಎಂಬ ಪುಟ್ಟ ಪಟ್ಟಣ 2021ರಲ್ಲಿ ಮತ ಹಾಕಿ ಜುರಾಕ್ಕೆ ಹೋಗಲು ತೀರ್ಮಾನಿಸಿತ್ತು, 2026ರ ಜನವರಿ 1ರಂದು ಸೇರಿಯೂಬಿಟ್ಟಿತು ಎಂದು ತಿಳಿಸಿದೆ. ಆರೋಗ್ಯ, ಮನೆಮಂದಿ ಯಾವುದನ್ನೂ ವಿಚಾರಿಸದೆ ಅವರು ನೇರವಾಗಿ ಕೇಳಿದರು: "ಪಟ್ಟಣದವರು ಮಾತ್ರ ಮತ ಹಾಕಿದರೋ, ಬಿಟ್ಟುಕೊಡುವವರನ್ನೂ ಕೇಳಿದರೋ?" 2024ರಲ್ಲಿ ಎರಡೂ ಕ್ಯಾಂಟನ್‌ಗಳ ಮತದಾರರನ್ನು ಕೇಳಿದ್ದಾರೆ, ಇಬ್ಬರೂ ಒಪ್ಪಿದ್ದಾರೆ ಎಂದೆ. "ಹಾಗಾದರೆ ಇದನ್ನು ತೆಲಂಗಾಣದ ಪಕ್ಕದಲ್ಲಿಟ್ಟು ಬರೆಯಪ್ಪಾ, ನಮ್ಮ ಕಾಲೇಜಿನ ಪತ್ರಿಕೆಗೇ ಕೊಡು" ಎಂದರು.